ಯಾರ ಕಡೆಯಿಂದ ಬಂತು? ಆಟಿಸಂ, ಜೀನು ಮತ್ತು ಒಂದು ಹಳೇ ಆರೋಪ

ಭಾಗ 1

ಹೋದ ಸರಣಿಯಲ್ಲಿ ಮೈಸೂರು ಬ್ಯಾಂಕ್ ಕಥೆ ಮುಗಿಸುವಾಗ, ಮುಂದಿನದು ಸಹಕಾರ ಸಂಘಗಳ ಬಗ್ಗೆ ಅಂದಿದ್ದೆ. ಅದು ಮುಂದಕ್ಕೆ ಹೋಯ್ತು, ಬೇಜಾರು ಮಾಡ್ಕೋಬೇಡಿ. ಕಾರಣ ಒಂದು ನಾಮಕರಣದ ಊಟ.

ನಮ್ಮ ದೊಡ್ಡಮ್ಮನ ಮಗಳು, ನಾನು ಅಕ್ಕ ಅಂತೀನಿ, ಅವಳಿಗೆ ನಾಲ್ಕು ವರ್ಷದ ಮಗ. ಹೋದ ವರ್ಷ ಡಾಕ್ಟ್ರು ಅವನಿಗೆ ಆಟಿಸಂ ಇದೆ ಅಂದ್ರು. ನೆಂಟರ ಮನೆ ನಾಮಕರಣದಲ್ಲಿ ಎಲೆ ಮುಂದೆ ಕೂತ ಕೂಡ್ಲೇ ಶುರುವಾಯ್ತು. "ಬಸುರಿಯಾಗಿದ್ದಾಗ ಮೂರು ಹೊತ್ತೂ ಫೋನ್ ಹಿಡ್ಕೊಂಡಿರ್ತಿದ್ಲು." "ಕೆಲಸಕ್ಕೆ ಹೋಗ್ತಾಳಲ್ಲ, ಮಗು ಜೊತೆ ಮಾತಾಡೋರು ಯಾರು?" ಆಮೇಲೆ ಭಾವನ ಕಡೆಯವರೊಬ್ಬರು ಸಾರು ಕಲಸ್ಕೊಳ್ತಾ, "ನಮ್ಮ ಕಡೆ ಯಾರಿಗೂ ಹೀಗಿಲ್ಲಪ್ಪ. ಯಾರ ಕಡೆಯಿಂದ ಬಂತೋ" ಅಂದ್ರು. ಅಕ್ಕ ಪಾಯಸ ಬರೋ ಮುಂಚೆನೇ ಎಲೆ ಬಿಟ್ಟು ಎದ್ದಳು.

ಅಲ್ಲಿ ಎರಡು ಆರೋಪ ಇತ್ತು, ಗಮನಿಸಿದ್ರಾ? ಒಂದು, ತಾಯಿ ಸರಿಯಾಗಿ ನೋಡ್ಕೊಳ್ಳಲಿಲ್ಲ. ಎರಡು, ಯಾವುದೋ ಒಂದು ಮನೆತನದ ರಕ್ತದಲ್ಲಿ ದೋಷ ಇದೆ. ಇವೇನೂ ನಮ್ಮ ನೆಂಟರು ಹುಟ್ಟಿಸಿದ ಮಾತಲ್ಲ. ಮೊದಲನೆಯದನ್ನು ಅಮೆರಿಕದ ದೊಡ್ಡ ದೊಡ್ಡ ಡಾಕ್ಟರುಗಳೇ ಪುಸ್ತಕ ಬರೆದು ಹೇಳಿದ್ದರು. ಅದು ಹೇಗೆ ಬಿತ್ತು, ಎರಡನೆಯದು ಏಕೆ ನಿಲ್ಲೋದಿಲ್ಲ ಅನ್ನೋದೇ ಈ ಸಲದ ಕಥೆ. ನಾನು ಬಿಕಾಂ, ಪಿಯುನಲ್ಲೇ ಬಯಾಲಜಿಗೆ ಕೈ ಮುಗಿದವಳು. ಹಾಗಾಗಿ ನನಗೆ ಅರ್ಥ ಆದಷ್ಟನ್ನೇ, ಅರ್ಥ ಆದ ಹಾಗೇ ಹೇಳ್ತೀನಿ.

ಭಾಗ 2

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಅಂತ ಒಂದು ಸಣ್ಣ ಊರು. 1933ರಲ್ಲಿ ಅಲ್ಲಿನ ವಕೀಲರೊಬ್ಬರ ಮನೆಯಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಅನ್ನೋ ಹುಡುಗ ಹುಟ್ಟಿದ. ಕರೆದರೆ ತಿರುಗಿ ನೋಡ್ತಿರಲಿಲ್ಲ. ವಸ್ತುಗಳನ್ನು ಬುಗುರಿ ಥರ ಗಿರ್ರನೆ ತಿರುಗಿಸ್ತಾ ಕೂರ್ತಿದ್ದ. ದಿನದ ಯಾವ ಕೆಲಸದ ಕ್ರಮ ತಪ್ಪಿದರೂ ರಂಪ. ಆದರೆ ನೆನಪಿನ ಶಕ್ತಿ ಅಸಾಧಾರಣ. ಮೂರು ವರ್ಷಕ್ಕೆ ಅವನನ್ನು ಒಂದು ಸಂಸ್ಥೆಗೆ ಸೇರಿಸಿ ಅಂತ ಡಾಕ್ಟರು ಸಲಹೆ ಕೊಟ್ಟರು, ಸೇರಿಸಿದರು. ಒಂದು ವರ್ಷದಲ್ಲಿ ಮಗು ಮಂಕಾಗಿಹೋದದ್ದು ನೋಡಿ ಅಪ್ಪ ಅಮ್ಮ ಹಠ ಹಿಡಿದು ವಾಪಸ್ ಕರ್ಕೊಂಡು ಬಂದರು. ಆಮೇಲೆ ಅಪ್ಪ ಕೂತು ಮಗನ ಬಗ್ಗೆ ತಾನು ಕಂಡದ್ದನ್ನೆಲ್ಲ 33 ಪುಟದ ಪತ್ರದಲ್ಲಿ ಬರೆದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್‌ಗೆ ಕಳಿಸಿದರು. 1938ರಲ್ಲಿ ಕ್ಯಾನರ್ ಡೊನಾಲ್ಡ್‌ನನ್ನು ನೋಡಿದರು.

1943ರಲ್ಲಿ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. 8 ಗಂಡು, 3 ಹೆಣ್ಣು. ಮೊದಲ ಪ್ರಕರಣವೇ ಡೊನಾಲ್ಡ್. ಇವತ್ತು ನಾವು ಆಟಿಸಂ ಅನ್ನೋದರ ಇತಿಹಾಸ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತೆ. (ನಿಜ ಹೇಳಬೇಕಂದ್ರೆ ಅದಕ್ಕೂ 18 ವರ್ಷ ಮುಂಚೆ, 1925ರಲ್ಲಿ, ಮಾಸ್ಕೋದಲ್ಲಿ ಗ್ರುನ್ಯಾ ಸುಖರೇವಾ ಅನ್ನೋ ಡಾಕ್ಟರಮ್ಮ ಆರು ಹುಡುಗರಲ್ಲಿ ಬಹುತೇಕ ಇದೇ ಲಕ್ಷಣಗಳನ್ನು ವಿವರಿಸಿದ್ದರು. ರಷ್ಯನ್, ಹೆಂಗಸು. ಯಾರೂ ಎಣಿಸಲಿಲ್ಲ.)

ಆ ಪ್ರಬಂಧದ ಕೊನೆಯಲ್ಲಿ ಕ್ಯಾನರ್ ಎರಡು ಮಾತು ಅಕ್ಕಪಕ್ಕದಲ್ಲೇ ಬರೆದರು. ಈ ಮಕ್ಕಳಲ್ಲಿ ಇದು ಹುಟ್ಟಿನಿಂದಲೇ ಇರುವಂಥದ್ದು ಅಂತ ಒಂದು. ಇವರ ತಂದೆ ತಾಯಂದಿರಲ್ಲಿ ನಿಜವಾಗಿ ಪ್ರೀತಿ ತೋರಿಸುವವರು ಕಡಿಮೆ ಅಂತ ಇನ್ನೊಂದು. ಮೊದಲನೆಯ ಮಾತನ್ನೇ ಹಿಡಿದಿದ್ದರೆ ಎಷ್ಟೋ ಮನೆಗಳು ಉಳೀತಿದ್ವು. ಜಗತ್ತು ಎರಡನೆಯದನ್ನು ಹಿಡಿಯಿತು. 1949ರ ಹೊತ್ತಿಗೆ ಕ್ಯಾನರ್ ಅವರೇ ಈ ಮಕ್ಕಳನ್ನು ಕರಗದ ಫ್ರಿಜ್ಜಿನಲ್ಲಿಟ್ಟ ಹಾಗೆ ಬೆಳೆಸಲಾಗಿದೆ ಅನ್ನೋ ಅರ್ಥದಲ್ಲಿ ಬರೆದರು. ಅಲ್ಲಿಂದ ಹುಟ್ಟಿದ ಬೈಗುಳವೇ "ರೆಫ್ರಿಜರೇಟರ್ ಮದರ್". ಫ್ರಿಜ್ ಅಮ್ಮ.

ಇಲ್ಲಿ ಒಂದು ಲೆಕ್ಕದ ತಪ್ಪಿದೆ, ನಮ್ಮ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಓದಿದವರು ಹಿಡೀತೀರ. ಆ 11 ಮಕ್ಕಳ ಅಪ್ಪಂದಿರು ಯಾರು ನೋಡಿ: ನಾಲ್ವರು ಮನೋವೈದ್ಯರು, ಒಬ್ಬ ವಕೀಲ, ಒಬ್ಬ ಪ್ರೊಫೆಸರ್, ಒಬ್ಬ ರಸಾಯನಶಾಸ್ತ್ರಜ್ಞ, ಹೀಗೇ. ತಾಯಂದಿರಲ್ಲಿ 9 ಜನ ಪದವೀಧರೆಯರು, ಅದೂ ಆ ಕಾಲದಲ್ಲಿ! ಓದಿದ, ಕೆಲಸದ ಮೇಲೇ ಧ್ಯಾನ ಇರುವ ತಂದೆ ತಾಯಿಗೆ ಇಂಥ ಮಕ್ಕಳು ಹುಟ್ತಾರೆ ಅಂತ ತೀರ್ಮಾನ ಮಾಡಿಬಿಟ್ಟರು. ಆದರೆ ಸ್ವಾಮಿ, ದೂರದ ಊರಿಂದ ಬಾಲ್ಟಿಮೋರಿಗೆ ರೈಲು ಹತ್ತಿ, ದೇಶದ ನಂಬರ್ ಒನ್ ಮಕ್ಕಳ ಮನೋವೈದ್ಯನ ಹತ್ತಿರ ಹೋಗೋಕೆ ಆಗ್ತಿದ್ದದ್ದೇ ಅಂಥವರಿಗೆ. ಬಡ ಕರಿಯರ ಮಕ್ಕಳು, ರೈತರ ಮಕ್ಕಳು ಆ ಬಾಗಿಲು ನೋಡಿಯೇ ಇರಲಿಲ್ಲ. ಸ್ಯಾಂಪಲ್ಲೇ ವಾಲಿತ್ತು.

ಭಾಗ 3

ಈ ಆರೋಪವನ್ನು ಮನೆಮನೆಗೆ ಮುಟ್ಟಿಸಿದವನು ಬ್ರೂನೋ ಬೆಟಲ್‌ಹೈಮ್. ವಿಯೆನ್ನಾದ ಯಹೂದಿ. ನಾಜಿಗಳ ಡಾಖಾವ್, ಬೂಖೆನ್‌ವಾಲ್ಡ್ ಶಿಬಿರಗಳಲ್ಲಿ ನರಳಿ ಬಂದವನು. ಆಮೇಲೆ ಷಿಕಾಗೋದಲ್ಲಿ ಮಕ್ಕಳ ಶಾಲೆಯೊಂದರ ಮುಖ್ಯಸ್ಥನಾದ. 1967ರಲ್ಲಿ ಅವನ ಪುಸ್ತಕ ಬಂತು. ಶಿಬಿರದ ಕೈದಿ ಹೇಗೆ ಬದುಕುವ ಆಸೆ ಬಿಟ್ಟು ಒಳಗೊಳಗೇ ಮುಚ್ಚಿಕೊಳ್ಳುತ್ತಾನೋ, ಹಾಗೇ ಈ ಮಗುವೂ ಮುಚ್ಚಿಕೊಂಡಿದೆ ಅನ್ನೋದು ಅವನ ವಾದ. ಮಗು ಕೈದಿ ಅಂದ್ಮೇಲೆ ಕಾವಲುಗಾರ ಯಾರು? ತಾಯಿ.

ಸ್ವಲ್ಪ ನಿಂತು ಯೋಚನೆ ಮಾಡಿ. ರಾತ್ರಿಯಿಡೀ ನಿದ್ದೆ ಮಾಡದ ಮಗುವನ್ನು ಹೆಗಲ ಮೇಲೆ ಹಾಕ್ಕೊಂಡು ಓಡಾಡುವ ಹೆಂಗಸಿಗೆ, ನೀನು ನಾಜಿ ಕಾವಲುಗಾರನ ಥರ ಅಂತ ಹೇಳೋದು. ಚಿಕಿತ್ಸೆ ಏನಪ್ಪಾ ಅಂದ್ರೆ ಮಗುವನ್ನು ಅಪ್ಪ ಅಮ್ಮನಿಂದ ದೂರ ಇಡೋದು. ಎಷ್ಟೋ ತಾಯಂದಿರನ್ನು ವರ್ಷಗಟ್ಟಲೆ ಕೌನ್ಸೆಲಿಂಗ್‌ಗೆ ಕೂರಿಸಿ, ನೀನು ಮಗುವನ್ನು ಯಾಕೆ ಬೇಡ ಅಂದ್ಕೊಂಡೆ ಅಂತ ಕೇಳಿದರು. ಬೆಟಲ್‌ಹೈಮ್ ಟಿವಿಯಲ್ಲಿ ಬರ್ತಿದ್ದ, ಪತ್ರಿಕೆಗಳಲ್ಲಿ ಅಂಕಣ ಬರೀತಿದ್ದ, ಜನ ನಂಬಿದರು. ಅವನು 1990ರಲ್ಲಿ ಸತ್ತ ಮೇಲೆ ಅವನು ಹೇಳಿಕೊಂಡಿದ್ದ ಓದು ಪದವಿಗಳ ಬಗ್ಗೆಯೂ ಸುಳ್ಳುಗಳು ಹೊರಬಂದವು, ಅದು ಬೇರೆ ಕಥೆ.

ಎದುರು ನಿಂತವರು ಯಾರು ಗೊತ್ತಾ? ಅಮೆರಿಕದ ನೌಕಾಪಡೆಯಲ್ಲಿ ಕೆಲಸ ಮಾಡ್ತಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್. 1956ರಲ್ಲಿ ಹುಟ್ಟಿದ ಅವರ ಮಗ ಮಾರ್ಕ್‌ಗೆ ಆಟಿಸಂ. ಹೆಂಡತಿ ಮಗುವನ್ನು ಹೇಗೆ ನೋಡ್ಕೊಂಡಿದ್ದಾರೆ ಅಂತ ಕಣ್ಣಾರೆ ಕಂಡವರಿಗೆ ಪುಸ್ತಕದ ಮಾತು ಗಂಟಲಲ್ಲಿ ಇಳೀಲಿಲ್ಲ. ಸಿಕ್ಕ ಸಂಶೋಧನೆಗಳನ್ನೆಲ್ಲ ಓದಿ 1964ರಲ್ಲಿ ಪುಸ್ತಕ ಬರೆದರು: ಇದು ಮೆದುಳಿನ, ಶರೀರದ ವಿಷಯ, ತಾಯಿಯ ಪ್ರೀತಿಯದಲ್ಲ. ಮುನ್ನುಡಿ ಬರೆದುಕೊಟ್ಟವರು ಸ್ವತಃ ಕ್ಯಾನರ್! ಪುಸ್ತಕದ ಹಿಂದೆ ಒಂದು ಪ್ರಶ್ನಾವಳಿ ಇತ್ತು. ಅದನ್ನು ತುಂಬಿ ತಂದೆ ತಾಯಂದಿರು ಅಂಚೆಯಲ್ಲಿ ಕಳಿಸೋಕೆ ಶುರು ಮಾಡಿದರು. ಮಾರನೇ ವರ್ಷ ಅಂಥ ಪೋಷಕರೇ ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. 1969ರಲ್ಲಿ ಆ ಸಂಘದ ಸಭೆಯಲ್ಲಿ ಮುದುಕರಾಗಿದ್ದ ಕ್ಯಾನರ್ ಎದ್ದು ನಿಂತು, ಕೋರ್ಟಿನ ಭಾಷೆಯಲ್ಲೇ, ತಂದೆ ತಾಯಂದಿರನ್ನು ಆರೋಪಮುಕ್ತ ಮಾಡ್ತಿದ್ದೀನಿ ಅನ್ನೋ ಅರ್ಥದ ಮಾತು ಹೇಳಿದರು.

ಆರೋಪ ಹೊರಿಸಿದವರೇ ಖುಲಾಸೆ ಮಾಡಿದ್ದು. ಒಳ್ಳೇದೇ. ಆದರೆ ನಡುವೆ 20 ವರ್ಷ ಅಳುತ್ತಾ ಕಳೆದ ಅಮ್ಮಂದಿರಿಗೆ ಆ ಒಂದು ಮಾತು ಸಾಕಾಗ್ತಿತ್ತಾ, ನನಗೆ ಗೊತ್ತಿಲ್ಲ.

ಭಾಗ 4

ಖುಲಾಸೆಗೆ ಸಾಕ್ಷಿ ಬೇಕಲ್ಲ? ಅದು ಸಿಕ್ಕಿದ್ದು 1977ರಲ್ಲಿ, ಅವಳಿ ಮಕ್ಕಳಿಂದ.

ಅಲ್ಲಿವರೆಗೆ ಡಾಕ್ಟರುಗಳು ಇದು ವಂಶದ್ದಲ್ಲ ಅಂತಿದ್ರು. ಒಡಹುಟ್ಟಿದವರಲ್ಲಿ ಇಬ್ಬರಿಗೂ ಆಟಿಸಂ ಇರೋದು ಅಪರೂಪವಾಗಿತ್ತು, ಅದಕ್ಕೆ. ಸೂಸನ್ ಫೋಲ್‌ಸ್ಟೈನ್ ಮತ್ತು ಲಂಡನ್ನಿನ ಮೈಕೆಲ್ ರಟರ್ ಬ್ರಿಟನ್ನಿನಲ್ಲಿ ಹುಡುಕಿ ಹುಡುಕಿ 21 ಜೋಡಿ ಅವಳಿಗಳನ್ನು ಕಲೆ ಹಾಕಿದರು. ಪ್ರತಿ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ. 11 ಜೋಡಿ ತದ್ರೂಪಿ ಅವಳಿಗಳು, ಅಂದ್ರೆ ಇಬ್ಬರಿಗೂ ಒಂದೇ ಡಿಎನ್‌ಎ. 10 ಜೋಡಿ ಸಾಮಾನ್ಯ ಅವಳಿಗಳು, ಅಣ್ಣ ತಮ್ಮಂದಿರಷ್ಟೇ ಹೋಲಿಕೆ. ತದ್ರೂಪಿಗಳ 11ರಲ್ಲಿ 4 ಜೋಡಿಯಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಇನ್ನೊಂದು ಗುಂಪಿನ 10ರಲ್ಲಿ ಒಂದೂ ಇಲ್ಲ.

ತಾಯಿ ಒಬ್ಬಳೇ, ಮನೆ ಒಂದೇ, ಹುಟ್ಟಿದ ದಿನವೂ ಒಂದೇ. ತಾಯಿಯ "ತಣ್ಣನೆಯ" ಸ್ವಭಾವವೇ ಕಾರಣ ಆಗಿದ್ದರೆ ಎರಡೂ ಗುಂಪಿನಲ್ಲಿ ಫಲಿತಾಂಶ ಒಂದೇ ಥರ ಇರಬೇಕಿತ್ತಲ್ವಾ? ಬರೀ 21 ಜೋಡಿ. ನಮ್ಮ ಕ್ಲಾಸಿನ ಸರ್ವೆ ಪ್ರಾಜೆಕ್ಟಿಗೇ ಇದಕ್ಕಿಂತ ಜಾಸ್ತಿ ಜನರನ್ನು ಕೇಳ್ತೀವಿ. ಆದರೂ ಗಾಳಿ ದಿಕ್ಕು ಬದಲಾಯ್ತು.

ಈಗ ಬರ್ತೀನಿ ಎರಡನೇ ಆರೋಪಕ್ಕೆ. ಯಾಕಂದ್ರೆ ಜೀನು ಅಂದ ಕೂಡ್ಲೇ ನಮ್ಮ ತಲೆಗೆ ಬರೋದು "ವಂಶ". ವಂಶ ಅಂದ್ರೆ "ಯಾರ ವಂಶ?" ಅಮ್ಮನ ನಡತೆ ಮೇಲಿಂದ ಇಳಿದ ಆರೋಪ ಅಮ್ಮನ ತವರಿನ ಮೇಲೆ ಹೋಗಿ ಕೂತ್ಕೊಳ್ತು ಅಷ್ಟೇ.

ಭಾಗ 5

ಫೋಟೋದಲ್ಲಿರೋದು ನಾನೇ ಬರೆದದ್ದು, ನಗಬೇಡಿ. ಸಾಲು ಸಾಲು ಅಕ್ಷರ, ಒಂದಕ್ಕೆ ಕೆಂಪು ಸುತ್ತು. ಅದೇ ಮ್ಯುಟೇಶನ್.

ನಮ್ಮ ಊರ ಕಡೆ ಮ್ಯುಟೇಶನ್ ಅಂದ್ರೆ ತಾಲ್ಲೂಕು ಕಚೇರಿ ನೆನಪಾಗುತ್ತೆ. ಅಜ್ಜ ತೀರಿಹೋದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗೋದು. ಜೀವಶಾಸ್ತ್ರದ ಮ್ಯುಟೇಶನ್ನೂ ದಾಖಲೆಯ ಬದಲಾವಣೆನೇ. ಪುಸ್ತಕದ ಕನ್ನಡದಲ್ಲಿ ಉತ್ಪರಿವರ್ತನೆ ಅಂತಾರೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಹೀಗೆ ಎರಡು ಪ್ರತಿ ಡಿಎನ್‌ಎ ನಮಗೆ ಬರುತ್ತೆ. ಒಂದೊಂದರಲ್ಲೂ ಸುಮಾರು 300 ಕೋಟಿ ಅಕ್ಷರ. ಅದರಲ್ಲಿ 20,000ದಷ್ಟು ಜೀನುಗಳಿವೆ, ಒಂದೊಂದೂ ಒಂದು ಪ್ರೋಟೀನ್ ತಯಾರಿಸೋ ವಿಧಾನದ ಪಾಠ ಅಂದ್ಕೊಳ್ಳಿ. ಅಕ್ಷರ ಬದಲಾದರೆ ಬಹಳ ಸಲ ಏನೂ ಆಗಲ್ಲ. ಕೆಲವು ಸಲ ಪಾಠವೇ ಅರ್ಧಕ್ಕೆ ನಿಲ್ಲುತ್ತೆ.

ಪಹಣಿಯಲ್ಲಿ ಹೆಸರು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುತ್ತೆ. ಹಿಂದಿನ ದಾಖಲೆ ತೆಗೆದು ನೋಡಿದ್ರೆ ಮೂಲ ಸಿಗುತ್ತೆ. ಆದರೆ ನಕಲು ಮಾಡುವಾಗ ಗುಮಾಸ್ತನ ಕೈತಪ್ಪಿ ಒಂದು ಅಕ್ಷರ ಬದಲಾಯ್ತು ಅಂದ್ಕೊಳ್ಳಿ. ಆಗ ಹಿಂದಿನ ಯಾವ ದಾಖಲೆ ಹುಡುಕಿದ್ರೂ ಅದು ಸಿಗಲ್ಲ. ಅದು ಅಪ್ಪನ ಕಡೆಯದೂ ಅಲ್ಲ, ಅಮ್ಮನ ಕಡೆಯದೂ ಅಲ್ಲ. ವಿಜ್ಞಾನಿಗಳು ಇದಕ್ಕೆ "ಡಿ ನೋವೋ" ಮ್ಯುಟೇಶನ್ ಅಂತಾರೆ. ಲ್ಯಾಟಿನ್. ಹೊಸದಾಗಿ ಬಂದದ್ದು ಅಂತ. ಈ ಪದ ನೆನಪಿಟ್ಕೊಳ್ಳಿ, ಮುಂದಿನ ಕಥೆಯೆಲ್ಲ ಇದರದೇ.

ಭಾಗ 6

ವಿಯೆನ್ನಾದ ಮಕ್ಕಳ ಡಾಕ್ಟರ್ ಆಂಡ್ರಿಯಾಸ್ ರೆಟ್ ಒಂದು ದಿನ ತಮ್ಮ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತಿದ್ದ ಇಬ್ಬರು ಹುಡುಗಿಯರನ್ನು ನೋಡಿದರು. ಸಂಬಂಧ ಇಲ್ಲ, ಪರಿಚಯ ಇಲ್ಲ. ಇಬ್ಬರೂ ಅಮ್ಮನ ತೊಡೆ ಮೇಲೆ ಕೂತು, ಕೈ ತೊಳೆಯುವವರ ಥರ ಎರಡೂ ಕೈ ಒಂದೇ ಸಮ ಉಜ್ಜುತ್ತಿದ್ದರು. 1966ರಲ್ಲಿ ಅವರು ಇದರ ಬಗ್ಗೆ ಜರ್ಮನ್ ಭಾಷೆಯಲ್ಲಿ ಬರೆದರು. ಹೊರಗಿನವರು ಓದಲಿಲ್ಲ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು ಇಂಗ್ಲಿಷಿನಲ್ಲಿ 35 ಹುಡುಗಿಯರ ಬಗ್ಗೆ ಬರೆದ ಮೇಲೆ ಜಗತ್ತಿಗೆ ಗೊತ್ತಾಯ್ತು. ಈ ಮಕ್ಕಳು ವರ್ಷ ಒಂದೂವರೆ ವರ್ಷ ಎಲ್ಲರ ಥರ ಬೆಳೆದು, ಆಮೇಲೆ ಕಲಿತ ಮಾತು, ಕೈಚಳಕ ಎಲ್ಲ ಕಳ್ಕೊಳ್ತಾರೆ. ಆಗ ಇದನ್ನು ಆಟಿಸಂ ಗುಂಪಿನಲ್ಲೇ ಇಟ್ಟಿದ್ದರು, ಈಗ ಬೇರೆ ಮಾಡಿದ್ದಾರೆ.

ಅದೇ 1983ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಹುದಾ ಜೋಗ್ಬಿ ಅನ್ನೋ ಯುವ ಡಾಕ್ಟರ್ ಇಂಥ ಒಬ್ಬ ಹುಡುಗಿಯನ್ನು ನೋಡಿದರು. ಜೋಗ್ಬಿ ಬೈರೂತ್‌ನವರು, ಲೆಬನಾನ್ ಅಂತರ್ಯುದ್ಧದಿಂದಾಗಿ ಅಮೆರಿಕಕ್ಕೆ ಬಂದು ಅಲ್ಲೇ ಓದು ಮುಗಿಸಿದವರು. ಇದು ಜೀನಿನದೇ ಅಂತ ಅವರಿಗೆ ಅನ್ನಿಸಿತು. ಹೆಚ್ಚು ಕಡಿಮೆ ಯಾರೂ ಒಪ್ಪಲಿಲ್ಲ. ಯಾಕಂದ್ರೆ ಮನೆಯಲ್ಲಿ ಬೇರೆ ಯಾರಿಗೂ ಇರ್ತಿರಲಿಲ್ಲ! ನೋಡಿ, "ನಮ್ಮ ಕಡೆ ಯಾರಿಗೂ ಇಲ್ಲ" ಅನ್ನೋದನ್ನೇ ಸೈನ್ಸ್ ಕೂಡ ಹೇಳ್ತಿತ್ತು. ಇಬ್ಬರಿಗೆ ಇರುವ ಕುಟುಂಬಗಳು ಸಿಗೋದೇ ಅಪರೂಪ, ಹೋಲಿಸಿ ನೋಡೋಕೆ ಏನೂ ಇಲ್ಲ. 16 ವರ್ಷ ಹುಡುಕಿದರು. 1999ರಲ್ಲಿ ಅವರ ಲ್ಯಾಬಿನ ರೂಥಿ ಅಮೀರ್ ಕೈಗೆ ಸಿಕ್ಕಿತು: ಎಕ್ಸ್ ಕ್ರೋಮೋಸೋಮಿನ ಮೇಲಿರುವ ಎಂಇಸಿಪಿ2 ಅನ್ನೋ ಜೀನು. ಮಗುವಿನಲ್ಲಿ ಬದಲಾವಣೆ ಇದೆ, ಅಪ್ಪ ಅಮ್ಮನಲ್ಲಿ ಇಲ್ಲ. ಡಿ ನೋವೋ. ಬಹುಪಾಲು ಪ್ರಕರಣಗಳಲ್ಲಿ ಅದು ಹುಟ್ಟೋದು ತಂದೆಯ ವೀರ್ಯಾಣುವಿನಲ್ಲಿ, ತಂದೆಗೆ ಗೊತ್ತೇ ಇಲ್ಲದ ಹಾಗೆ.

ಎಂಟು ವರ್ಷ ಆದ ಮೇಲೆ, 2007ರಲ್ಲಿ, ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ ಇಲಿಗಳಲ್ಲಿ ಈ ಜೀನನ್ನು ನಿಲ್ಲಿಸಿ, ಇಲಿ ಕಾಯಿಲೆ ಬಿದ್ದ ಮೇಲೆ ಮತ್ತೆ ಚಾಲು ಮಾಡಿ ನೋಡಿತು. ಇಲಿಗಳು ಚೇತರಿಸಿಕೊಂಡವು. ಇಲಿ ಇಲಿಯೇ, ಮಗು ಮಗುವೇ, ಇದನ್ನ ಓದಿ ಯಾರೂ ಯಾವುದೋ ಕ್ಲಿನಿಕ್ಕಿಗೆ ದುಡ್ಡು ಸುರಿಯೋಕೆ ಹೋಗಬೇಡಿ. ನನಗೆ ಹಿಡಿಸಿದ್ದು ಬೇರೆ: ನರಕೋಶಗಳು ಸತ್ತಿರಲಿಲ್ಲ, ಕಾಯ್ತಾ ಇದ್ವು.

ಭಾಗ 7

ಇದು ಸ್ವಲ್ಪ ಉದ್ದ ಇದೆ. ಬಸ್ಸಿನಲ್ಲಿದ್ದರೆ ಸೇವ್ ಮಾಡ್ಕೊಳ್ಳಿ.

ರೆಟ್ ಸಿಂಡ್ರೋಮ್ ಒಂದು ಜೀನಿನ ಕಥೆ. ಉಳಿದ ಆಟಿಸಂ? 1991ರಲ್ಲಿ ಫ್ರಾಜೈಲ್ ಎಕ್ಸ್ ಅನ್ನೋ ಸ್ಥಿತಿಗೆ ಕಾರಣವಾದ ಎಫ್‌ಎಂಆರ್1 ಜೀನು ಸಿಕ್ಕಿತ್ತು, ಆ ಮಕ್ಕಳಲ್ಲಿ ಎಷ್ಟೋ ಜನರಿಗೆ ಆಟಿಸಂ ಇರುತ್ತೆ. ಇದು ಮಾತ್ರ ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದ್ದು. 2003ರಲ್ಲಿ ಪ್ಯಾರಿಸ್ಸಿನ ಥಾಮಸ್ ಬುರ್ಜರೋನ್ ತಂಡ ಸ್ವೀಡನ್ನಿನ ಎರಡು ಕುಟುಂಬಗಳ ಅಣ್ಣತಮ್ಮಂದಿರಲ್ಲಿ ನ್ಯೂರೋಲಿಗಿನ್ ಜೀನುಗಳ ಮ್ಯುಟೇಶನ್ ಕಂಡುಹಿಡಿಯಿತು. ಎರಡು ನರಕೋಶ ಕೈ ಕುಲುಕುವ ಜಾಗ ಇದೆಯಲ್ಲ, ಸಿನ್ಯಾಪ್ಸ್, ಅಲ್ಲಿ ಅಂಟಿನ ಥರ ಕೆಲಸ ಮಾಡುವ ಪ್ರೋಟೀನ್ ಅದು. ಆಟಿಸಂ ಅಂದ್ರೆ ನರಕೋಶಗಳ ನಡುವಿನ ಸಂಪರ್ಕದ ವಿಷಯವೂ ಇರಬಹುದು ಅನ್ನೋದಕ್ಕೆ ಗಟ್ಟಿ ಸುಳಿವು ಸಿಕ್ಕಿತು.

(ಈ ನಡುವೆ 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಅನ್ನೋ ಇಂಗ್ಲೆಂಡಿನ ಡಾಕ್ಟರ್ 12 ಮಕ್ಕಳ ಮೇಲಿನ ಪ್ರಬಂಧದಲ್ಲಿ ಲಸಿಕೆ ಕಡೆ ಬೆರಳು ತೋರಿಸಿ ಜಗತ್ತನ್ನೇ ಹೆದರಿಸಿದ. 2010ರಲ್ಲಿ ಪತ್ರಿಕೆ ಆ ಪ್ರಬಂಧವನ್ನು ವಾಪಸ್ ತಗೊಂಡಿತು, ಅವನ ಹೆಸರನ್ನು ಡಾಕ್ಟರುಗಳ ಪಟ್ಟಿಯಿಂದ ಹೊಡೆದುಹಾಕಿದರು. ಲಸಿಕೆ ಹಾಕಿಸಿದ ಅಮ್ಮ ತಪ್ಪಿತಸ್ಥೆ ಅನ್ನೋ ಇನ್ನೊಂದು ಆರೋಪ. ಇಷ್ಟು ಸಾಕು ಅವನಿಗೆ.)

2007ರಲ್ಲಿ ಅಮೆರಿಕದ ಜೊನಾಥನ್ ಸೆಬಾಟ್, ಮೈಕೆಲ್ ವಿಗ್ಲರ್ ತಂಡ ಒಂದು ಬುದ್ಧಿವಂತ ಕೆಲಸ ಮಾಡಿತು. ಅಕ್ಷರ ತಪ್ಪಲ್ಲ, ಪುಟಗಟ್ಟಲೆ ಡಿಎನ್‌ಎ ಬಿಟ್ಟುಹೋಗಿರೋದು ಅಥವಾ ಎರಡು ಸಲ ಬಂದಿರೋದನ್ನು ಹುಡುಕಿದರು, ಅದೂ ಹೊಸದಾಗಿ ಬಂದದ್ದನ್ನು ಮಾತ್ರ. ಮನೆಯಲ್ಲಿ ಒಬ್ಬರಿಗೇ ಆಟಿಸಂ ಇದ್ದ 118 ಜನರಲ್ಲಿ 12 ಜನರಿಗೆ ಅಂಥದ್ದು ಸಿಕ್ಕಿತು. ಆಟಿಸಂ ಇಲ್ಲದ 196 ಜನರಲ್ಲಿ ಇಬ್ಬರಿಗೆ ಮಾತ್ರ. ಅಂದ್ರೆ ಶೇ. 10 ಮತ್ತು ಶೇ. 1.

ಆಮೇಲೆ 2012 ಬಂತು. ಡಿಎನ್‌ಎ ಅಕ್ಷರ ಓದುವ ಖರ್ಚು ಇಳಿದಿತ್ತು. ಅಮೆರಿಕದ ಮೂರು ತಂಡಗಳು ಒಂದೇ ಸಲ ಫಲಿತಾಂಶ ಪ್ರಕಟಿಸಿದವು. ಅಪ್ಪ, ಅಮ್ಮ, ಆಟಿಸಂ ಇರುವ ಮಗು, ಸಾಧ್ಯವಾದ ಕಡೆ ಆಟಿಸಂ ಇಲ್ಲದ ಅಣ್ಣನೋ ತಂಗಿಯೋ, ಇವರೆಲ್ಲರ ಜೀನುಗಳನ್ನೂ ಪೂರ್ತಿ ಓದಿ ತಾಳೆ ನೋಡಿದರು. ನಮ್ಮ ಆಡಿಟಿಂಗ್ ಮೇಷ್ಟ್ರು ವೌಚಿಂಗ್ ಅಂತಾರಲ್ಲ, ಪಕ್ಕಾ ಅದೇ.

ಒಂದು ತೊಡಕಿತ್ತು. ಹೊಸ ಮ್ಯುಟೇಶನ್ ಆಟಿಸಂ ಇಲ್ಲದ ಮಗುವಿಗೂ ಇರುತ್ತೆ. ನಿಮಗೂ ಇದೆ, ನನಗೂ ಇದೆ. ಹಾಗಿದ್ರೆ ಯಾವುದು ಕಾರಣ, ಯಾವುದು ಸುಮ್ಮನೆ ಇರೋದು? ಉತ್ತರ ಕೊಟ್ಟಿದ್ದು ಲೆಕ್ಕ. ಜೀನುಗಳು ಇರೋದು 20,000. ಪಾಠವನ್ನೇ ನಿಲ್ಲಿಸುವಂಥ ಹೊಸ ತಪ್ಪು ಸಂಬಂಧವೇ ಇಲ್ಲದ ಎರಡು ಮನೆಯ ಮಕ್ಕಳಲ್ಲಿ ಅದೇ ಜೀನಿಗೆ ಬೀಳಬೇಕಂದ್ರೆ, ಅದು ಬರೀ ಕಾಕತಾಳೀಯ ಆಗಿರೋ ಸಾಧ್ಯತೆ ಬಹಳ ಕಮ್ಮಿ. ಯೇಲ್ ವಿಶ್ವವಿದ್ಯಾಲಯದ ತಂಡಕ್ಕೆ ಎಸ್‌ಸಿಎನ್2ಎ ಅನ್ನೋ ಜೀನಿನಲ್ಲಿ ಹಾಗೇ ಇಬ್ಬರು ಸಿಕ್ಕರು. ನರಕೋಶದೊಳಕ್ಕೆ ಸೋಡಿಯಂ ಬಿಡುವ ಬಾಗಿಲನ್ನು ಕಟ್ಟೋ ಜೀನು ಅದು. ಇನ್ನೊಂದು, ಬೇರೆ ಜೀನುಗಳನ್ನು ನಿಯಂತ್ರಿಸುವ ಸಿಎಚ್‌ಡಿ8. 2020ರಲ್ಲಿ 35,584 ಜನರ ಡಿಎನ್‌ಎ ಓದಿದ ಅಧ್ಯಯನ ಬಂದಾಗ ಪಟ್ಟಿಯಲ್ಲಿ 102 ಜೀನುಗಳಿದ್ದವು.

2012ರಲ್ಲೇ ಐಸ್‌ಲ್ಯಾಂಡಿನಿಂದ ಇನ್ನೊಂದು ವಿಷಯ ಬಂತು, ಇದನ್ನ ಆ ನಾಮಕರಣದ ಊಟದಲ್ಲಿ ಹೇಳಬೇಕು ಅಂತ ನಾಲಗೆ ತುದಿಗೆ ಬಂದಿತ್ತು. ಪ್ರತಿ ಮಗುವೂ ಸರಾಸರಿ 60ಕ್ಕಿಂತ ಸ್ವಲ್ಪ ಹೆಚ್ಚು ಹೊಸ ಮ್ಯುಟೇಶನ್ ಹೊತ್ತು ಹುಟ್ಟುತ್ತೆ. ಅಮ್ಮನ ಕಡೆಯಿಂದ ಸುಮಾರು 15, ಅವಳ ವಯಸ್ಸು ಎಷ್ಟಿದ್ದರೂ ಹೆಚ್ಚು ಕಡಿಮೆ ಅಷ್ಟೇ. ಅಪ್ಪನಿಗೆ 20 ವರ್ಷ ಆಗಿದ್ದರೆ ಅವನ ಕಡೆಯಿಂದ 25. 40 ಆಗಿದ್ದರೆ 65. ವರ್ಷಕ್ಕೆ ಎರಡು ಜಾಸ್ತಿ. ಯಾಕಂದ್ರೆ ವೀರ್ಯಾಣು ತಯಾರಿ ಜೀವಮಾನವಿಡೀ ನಡೀತಾನೇ ಇರುತ್ತೆ, ಪ್ರತಿ ನಕಲಿಗೂ ಒಂದಿಷ್ಟು ಕೈತಪ್ಪು. "ಮಗಳಿಗೆ ವಯಸ್ಸಾಗ್ತಿದೆ, ಆಮೇಲೆ ಮಕ್ಕಳಿಗೆ ತೊಂದರೆ" ಅಂತ ನಮ್ಮನ್ನ ಅವಸರಿಸೋರು ಗಂಡುಮಕ್ಕಳಿಗೆ ಈ ಮಾತು ಹೇಳಿದ್ದನ್ನ ನಾನಂತೂ ಕೇಳಿಲ್ಲ. ಹಾಗಂತ ಈಗ ಆರೋಪವನ್ನ ಅಪ್ಪಂದಿರ ತಲೆಗೆ ಕಟ್ಟಬೇಡಿ. ಆ 65ರಲ್ಲಿ ಹೆಚ್ಚಿನವು ಏನೂ ಮಾಡದೇ ಸುಮ್ಮನೆ ಇರ್ತವೆ.

ಭಾಗ 8

ನಿಲ್ಲಿ, ಇನ್ನೂ ಮುಗೀಲಿಲ್ಲ. ಇಲ್ಲಿಗೇ ನಿಲ್ಲಿಸಿದ್ರೆ ನಾನು ಅರ್ಧ ಸತ್ಯ ಹೇಳಿದ ಹಾಗೆ.

ಎಲ್ಲವೂ ಹೊಸ ಮ್ಯುಟೇಶನ್ ಅಲ್ಲ. 2014ರಲ್ಲಿ ಸ್ವೀಡನ್ನಿನ ಜನರ ಮೇಲೆ ಮಾಡಿದ ಒಂದು ದೊಡ್ಡ ಲೆಕ್ಕಾಚಾರದಲ್ಲಿ, ಇಡೀ ಜನಸಂಖ್ಯೆಯನ್ನು ತಗೊಂಡರೆ ಆಟಿಸಂ ಕಡೆ ವಾಲುವ ಏರಿಳಿತದಲ್ಲಿ ಹೊಸ ಮ್ಯುಟೇಶನ್ ಪಾಲು ಬರೀ ಶೇ. 2.6. ಯಾವ ಮಗುವಿನಲ್ಲಿ ಇದೆಯೋ ಆ ಮಗುವಿಗೆ ಅದು ದೊಡ್ಡದು, ಒಟ್ಟು ಲೆಕ್ಕದಲ್ಲಿ ಚಿಕ್ಕದು. ದೊಡ್ಡ ಪಾಲು ಯಾವುದರದು? ತುಂಬ ಸಣ್ಣ ಸಣ್ಣ, ತುಂಬ ಸಾಮಾನ್ಯವಾದ ವ್ಯತ್ಯಾಸಗಳದು. ಒಂದೊಂದೂ ಚಿಲ್ಲರೆ ಕಾಸು. ಸಾವಿರಾರು ಸೇರಿದಾಗ ಮೊತ್ತ ಆಗುತ್ತೆ. ಅವು ಅಪ್ಪನ ಕಡೆಯಿಂದಲೂ ಬರ್ತವೆ, ಅಮ್ಮನ ಕಡೆಯಿಂದಲೂ ಬರ್ತವೆ. ಆ ದಿನ ಪಂಕ್ತಿಯಲ್ಲಿ ಕೂತಿದ್ದ ಎಲ್ಲರ ಜೇಬಲ್ಲೂ ಆ ಚಿಲ್ಲರೆ ಇತ್ತು, "ನಮ್ಮ ಕಡೆ ಇಲ್ಲ" ಅಂದವರ ಜೇಬಲ್ಲೂ.

ನಮ್ಮ ಕಡೆಗೆ ಸಂಬಂಧಪಟ್ಟ ಇನ್ನೊಂದು ಮಾತು. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡೋ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕೆಲವು ಜೀನುಗಳಲ್ಲಿ ಎರಡೂ ಪ್ರತಿ ಕೆಟ್ಟರೆ ಮಾತ್ರ ತೊಂದರೆ. ಗಂಡ ಹೆಂಡತಿ ಒಂದೇ ಅಜ್ಜ ಅಜ್ಜಿಯವರಾದರೆ ಹಾಗೆ ಎರಡೂ ಕೆಟ್ಟ ಪ್ರತಿ ಒಂದೇ ಮಗುವಿಗೆ ಬರೋ ಸಾಧ್ಯತೆ ಜಾಸ್ತಿ. 2008ರಲ್ಲಿ ಬಾಸ್ಟನ್ನಿನ ಕ್ರಿಸ್ಟೋಫರ್ ವಾಲ್ಶ್ ತಂಡ ಹೀಗೆ ಸಂಬಂಧದಲ್ಲೇ ಮದುವೆಯಾದ ಪಶ್ಚಿಮ ಏಷ್ಯಾದ ಕುಟುಂಬಗಳಲ್ಲಿ ಹುಡುಕಿ ಆಟಿಸಂಗೆ ಸಂಬಂಧಿಸಿದ ಕೆಲವು ಜೀನುಗಳನ್ನು ಪತ್ತೆ ಮಾಡಿತು. ಅಂಥ ಮನೆಯಲ್ಲೂ "ಯಾರ ಕಡೆಯಿಂದ" ಅನ್ನೋದಕ್ಕೆ ಉತ್ತರ ಇಬ್ಬರ ಕಡೆಯಿಂದಲೂ ಅಂತಲೇ. ಇಬ್ಬರೂ ಒಂದೇ ಕಡೆಯವರು ಬೇರೆ!

ಭಾಗ 9

ಜೀನು ಸಿಕ್ಕಿದ್ದನ್ನು ಎಲ್ಲರೂ ಸಂಭ್ರಮಿಸಲಿಲ್ಲ. ಆಟಿಸಂ ಇರುವವರೇ ಕೇಳಿದರು: ಹುಡುಕಿ ಏನು ಮಾಡ್ತೀರ? ನಮ್ಮಂಥವರು ಹುಟ್ಟದ ಹಾಗೆ ಮಾಡ್ತೀರಾ? 2021ರಲ್ಲಿ ಬ್ರಿಟನ್ನಿನಲ್ಲಿ 10,000 ಆಟಿಸಂ ಇರುವವರ ಡಿಎನ್‌ಎ ಸಂಗ್ರಹಿಸುವ ಯೋಜನೆ ಶುರುವಾದ ಕೆಲವೇ ವಾರಗಳಲ್ಲಿ ಅವರ ಪ್ರತಿಭಟನೆಯಿಂದ ನಿಂತುಹೋಯ್ತು.

ಆ ಭಯ ಸುಮ್ಮನೆ ಬಂದದ್ದಲ್ಲ. ಕ್ಯಾನರ್ ಅಮೆರಿಕದಲ್ಲಿ ಬರೀತಿದ್ದ ಕಾಲದಲ್ಲೇ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇಂಥದ್ದೇ ಮಕ್ಕಳ ಬಗ್ಗೆ ಬರೀತಿದ್ದ. ಮಕ್ಕಳನ್ನು ಕಾಪಾಡಿದವನು ಅಂತ ಬಹಳ ಕಾಲ ಹೆಸರಿತ್ತು. 2018ರಲ್ಲಿ ಹೆರ್ವಿಗ್ ಚೆಕ್ ಅನ್ನೋ ಇತಿಹಾಸಕಾರ ಹಳೇ ಕಡತ ತೆಗೆದು ತೋರಿಸಿದರು: ನಾಜಿಗಳು ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಆಮ್ ಶ್ಪೀಗಲ್‌ಗ್ರುಂಡ್ ಆಸ್ಪತ್ರೆಗೆ ಆಸ್ಪರ್ಗರ್ ಮಕ್ಕಳನ್ನು ಕಳಿಸಿದ್ದ. "ರಕ್ತದ ದೋಷ" ಅನ್ನೋ ಮಾತು ಎಲ್ಲಿವರೆಗೆ ಹೋಗಬಹುದು ಅನ್ನೋದು ಆ ಕಡತದಲ್ಲಿದೆ. ನಮ್ಮಲ್ಲಿ ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೂ ಭ್ರೂಣಲಿಂಗ ಪತ್ತೆ ಅಪರಾಧ ಅಂತ ಬೋರ್ಡ್ ಇರುತ್ತಲ್ಲ, ಅದು ಯಾಕೆ ಬೇಕಾಯ್ತು ಅಂತ ಗೊತ್ತಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನನಗನ್ನಿಸೋದು, ಜೀನಿನ ಸುದ್ದಿ ಒಳ್ಳೇದೋ ಕೆಟ್ಟದೋ ಆಗೋದು ಅದು ಯಾರ ಕೈಯಲ್ಲಿದೆ ಅನ್ನೋದರ ಮೇಲೆ. ನಮ್ಮ ದೇಶದಲ್ಲಿ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯ 21 ವಿಧದ ಪಟ್ಟಿಯಲ್ಲಿ ಸೇರಿತು. ಆ ಮಕ್ಕಳಿಗೆ ಸ್ಕೂಲಲ್ಲಿ ಸೀಟು ಸಿಗೋಕೆ ಸಹಾಯ ಆಗೋದು ಈ ಪಟ್ಟಿಯಿಂದ, 102 ಜೀನಿನ ಪಟ್ಟಿಯಿಂದಲ್ಲ.

ಭಾಗ 10, ಕೊನೆಯದು

ಡೊನಾಲ್ಡ್ ಏನಾದ ಅಂತ ಕೆಲವರು ಕೇಳಿದ್ರಿ.

ಓದಿದ. 1958ರಲ್ಲಿ ಡಿಗ್ರಿ ಮುಗಿಸಿದ. ಊರಿಗೆ ವಾಪಸ್ ಬಂದು ಅಮ್ಮನ ತವರಿನವರ ಬ್ಯಾಂಕಿನಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿ ದಶಕಗಟ್ಟಲೆ ಅಲ್ಲೇ ಇದ್ದ. (ಬಿಕಾಂನವರೇ, ಎದೆ ಉಬ್ಬಿಸಿ.) ಕಾರು ಓಡಿಸಿದ, ಗಾಲ್ಫ್ ಆಡಿದ, ಒಬ್ಬನೇ ದೇಶ ದೇಶ ಸುತ್ತಿದ. ಊರಿನವರು ಅವನನ್ನು ಅವನು ಇದ್ದ ಹಾಗೇ ಇಟ್ಟುಕೊಂಡರು. 2023ರ ಜೂನ್‌ನಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡ. ಅವನಮ್ಮ ಮೇರಿ, ಮಗನನ್ನು ಸಂಸ್ಥೆಯಿಂದ ಬಿಡಿಸಿ ತಂದ ಹೆಂಗಸು, ಪುಸ್ತಕದ ಲೆಕ್ಕದಲ್ಲಿ ಮೊದಲನೇ ಫ್ರಿಜ್ ಅಮ್ಮ.

ಅಕ್ಕನ ಮಗನಿಗೆ ಮೊನ್ನೆ ಜೆನೆಟಿಕ್ ಟೆಸ್ಟ್ ಆಯ್ತು. ರಿಪೋರ್ಟಿನಲ್ಲಿ ಏನೂ ಸಿಗಲಿಲ್ಲ. ಹಾಗಾಗೋದೇ ಹೆಚ್ಚಂತೆ, ಈಗಿನ ಟೆಸ್ಟುಗಳು ಕಾರಣ ಹೇಳೋದು ಕಡಿಮೆ ಮಕ್ಕಳಿಗೇ. ಸಂಜೆ ಅಜ್ಜಿ ಫೋನಲ್ಲಿ, "ಏನಂದ್ರು, ಯಾರ ಕಡೆಯಿಂದ ಅಂತೆ?" ಅಂದ್ರು. ನಾನು ಈ ಹತ್ತು ಭಾಗದಲ್ಲಿ ಬರೆದದ್ದನ್ನೆಲ್ಲ ಅವರಿಗೆ ಹೇಳೋಕೆ ಹೊರಟೆ, ಪಹಣಿ, ಗುಮಾಸ್ತ, ಚಿಲ್ಲರೆ ಕಾಸು ಎಲ್ಲ. ಅಜ್ಜಿ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, "ಅಂದ್ರೆ ಅವಳದ್ದೇನೂ ತಪ್ಪಿಲ್ಲ ಅನ್ನು" ಅಂದ್ರು. ಹೂಂ ಅಜ್ಜಿ ಅಂದೆ. "ಹಂಗಾದ್ರೆ ಆವತ್ತು ಊಟದ ಮನೇಲಿ ನಾನೂ ಸುಮ್ನೆ ಕೂತಿದ್ದೆನಲ್ಲೇ" ಅಂದು, ಅಕ್ಕನ ನಂಬರ್ ಹಚ್ಚಿಕೊಡು ಅಂದ್ರು.

ಮುಂದಿನ ವಾರ ಸಹಕಾರ ಸಂಘ. ಈ ಸಲ ಖಂಡಿತ.